ಪಕ್ಕದ ಸೀಟಿನ ಬ್ರೇಕು

ಜನವರಿ 14

ಮಗನಿಗೆ,

ಇನ್ನು ಮೇಲೆ ಫೋನು ಮಾಡಬೇಡ, ಬರೆ. ಫೋನಿನಲ್ಲಿ ನಿನ್ನ ಮಾತಿಗಿಂತ ನಿನ್ನ ಉಸಿರೇ ನನಗೆ ಹೆಚ್ಚು ಕೇಳಿಸುತ್ತದೆ. ನಾಲಗೆ ಎಲ್ಲಿ ತೊದಲಿತು, ಎಲ್ಲಿ ನೇರವಾಗಿ ಬಂತು ಎಂದು ಕಿವಿಗೊಟ್ಟು ಕೂರುವ ಕೆಲಸ ನನಗೆ ಬೇಡ. ಕಾಗದವಾದರೆ ಅಕ್ಷರ ನೋಡಿ ತಿಳಿದುಕೊಳ್ಳುತ್ತೇನೆ.

ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದಕ್ಕೆ ಮುನಿಸಿಕೊಳ್ಳಬೇಡ. ಕುಡಿದು ಗಾಡಿ ಓಡಿಸಿ ಪೊಲೀಸರ ಕೈಗೆ ಸಿಕ್ಕವನು, ಮರುದಿನ ನಮ್ಮ ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ನಿಂತು ‘ಮೊದಲು ಕನ್ನಡಿ ನೋಡಿ, ಆಮೇಲೆ ತಿರುಗಿಸಿ’ ಎಂದು ಪಾಠ ಹೇಳುವುದನ್ನು ನಾನು ನೋಡಲಾರೆ. ಹೊಸ ಮೇಷ್ಟ್ರನ್ನು ಇಟ್ಟುಕೊಂಡಿದ್ದೇನೆ. ಕಲಿಯುವವರು ಉಸಿರು ಬಿಟ್ಟರೂ ಸಾಕು, ಅವನು ಬ್ರೇಕಿನ ಮೇಲೆ ಹತ್ತಿ ನಿಲ್ಲುತ್ತಾನೆ. ಸದ್ಯಕ್ಕೆ ನಡೆಯುತ್ತದೆ.

ಲೈಸೆನ್ಸ್ ಕಚೇರಿಯಿಂದ ನೋಟೀಸು ಬಂದಿದೆ. ಮಾರ್ಚ್ ತಿಂಗಳಲ್ಲಿ ವಿಚಾರಣೆ. ಕೋರ್ಟಿನ ಕೇಸು ಬೇರೆ, ಇದು ಬೇರೆಯಂತೆ. ನಿನ್ನ ಲೈಸೆನ್ಸನ್ನು ಅಮಾನತು ಮಾಡಬೇಕೋ, ಎಚ್ಚರಿಕೆ ಕೊಟ್ಟು ಬಿಡಬೇಕೋ ಎಂದು ಅಲ್ಲಿನ ಅಧಿಕಾರಿ ತೀರ್ಮಾನಿಸುತ್ತಾರಂತೆ. ಲೈಸೆನ್ಸ್ ಇಲ್ಲದ ಮೇಷ್ಟ್ರು ಎಂದರೇನು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಪೊಲೀಸರ ವರದಿಯಲ್ಲಿ ಒಂದು ಸಾಲಿದೆ. ‘ಗಾಡಿ ನಿಲ್ಲಿಸಿದ್ದು ನಾನಲ್ಲ, ನಮ್ಮಪ್ಪ ಎಂದು ಆರೋಪಿ ಹೇಳಿದ್ದಾನೆ.’ ವಕೀಲರು ಅದನ್ನು ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿದರು. ನಿಮ್ಮಪ್ಪ ಹೋಗಿ ಮೂರು ವರ್ಷವಾಯಿತು. ಇದೇನು? ಬಿಡಿಸಿ ಬರೆ.

ಕಾಯುತ್ತಿರುವ,
ನಿನ್ನ ಅಮ್ಮ


ಜನವರಿ 23

ಅಮ್ಮಾ,

ನಿನ್ನ ಕಾಗದ ಬಂತು. ಅಕ್ಷರ ನೋಡಿಕೋ, ನೆಟ್ಟಗಿವೆ.

ಯಾಕೆ ಕುಡಿದೆ ಎಂದು ನೀನು ಕೇಳಲಿಲ್ಲ. ಕೇಳಿದ್ದರೂ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಕಾರಣ ಒಂದಿದ್ದಿದ್ದರೆ ಯಾವಾಗಲೋ ಅದನ್ನು ನಿನ್ನ ಮುಂದೆ ತಂದಿಟ್ಟು ಕೈ ತೊಳೆದುಕೊಳ್ಳುತ್ತಿದ್ದೆ.

ನಡೆದದ್ದು ಇಷ್ಟು. ಅಪ್ಪನ ಹಳೇ ಗಾಡಿಯಲ್ಲಿ ಬರುತ್ತಿದ್ದೆ. ಸಂಜೆ, ಗಿರಣಿಯ ಪಾಳಿ ಬಿಡುವ ಹೊತ್ತು. ಗೇಟಿನ ದೀಪ ಕಾಣಿಸಿತು. ಅದರ ಕೆಳಗೆ ಜನ ರಸ್ತೆ ದಾಟುತ್ತಿದ್ದಾರೆ ಎಂಬುದು ಕಾಣಿಸಲಿಲ್ಲ. ಆಗ ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಿಂದ ತಟ್ಟಿದ ಸದ್ದು ಕೇಳಿಸಿತು. ಎರಡು ಸಲ.

ಅಪ್ಪ ಹಾಗೆಯೇ ತಟ್ಟುತ್ತಿದ್ದರಲ್ಲ? ಕಲಿಯುವವರು ತಪ್ಪು ಮಾಡಿದರೆ ತಕ್ಷಣ ತಮ್ಮ ಬ್ರೇಕು ಒತ್ತುತ್ತಿರಲಿಲ್ಲ. ಮೊದಲು ಎರಡು ಸಲ ತಟ್ಟುತ್ತಿದ್ದರು. ಅದನ್ನು ಕೇಳಿ ನಾವೇ ಬ್ರೇಕು ಹಾಕಿದರೆ ಸರಿ, ಇಲ್ಲದಿದ್ದರೆ ಪಕ್ಕದ ಸೀಟಿನಿಂದ ಅವರ ಕಾಲು ಕೆಲಸ ಮಾಡುತ್ತಿತ್ತು.

ತಟ್ಟಿದ ಹಿಂದೆಯೇ ಗಾಡಿ ನಿಂತಿತು. ಒಬ್ಬ ಹೆಂಗಸು ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕೆಳಗೆ ಬಗ್ಗಿ ನೋಡಿಕೊಂಡೆ. ನನ್ನ ಕಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು, ಅಮ್ಮ. ನಾನು ಬ್ರೇಕು ಒತ್ತಲಿಲ್ಲ.

‘ಜನರನ್ನು ನೋಡಿ ನಾನೇ ನಿಲ್ಲಿಸಿದೆ’ ಎಂದು ಹೇಳು, ಸ್ವಾಧೀನ ತಪ್ಪಿರಲಿಲ್ಲ ಎಂದು ಅಧಿಕಾರಿ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ವಕೀಲರು ಹೇಳಿ ಕಳಿಸಿದ್ದಾರೆ. ನಾನು ಹೇಗೆ ಹೇಳಲಿ? ನಾನು ನೋಡಲೂ ಇಲ್ಲ, ನಿಲ್ಲಿಸಲೂ ಇಲ್ಲ.

ವಿಚಾರಣೆಗೆ ನೀನು ಬರಬೇಕು. ಗಾಡಿ ನಿನ್ನ ಹೆಸರಿನಲ್ಲಿದೆ. ಅವರು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು, ಸಾಕು. ನಿನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂಬುದು ಊರಿಗೇ ಗೊತ್ತು. ಅಪ್ಪ ಹೋದ ಮೇಲೆ ಮೊದಮೊದಲು ನನ್ನ ಪಕ್ಕದಲ್ಲಿ ಕೂತು ತಿರುವು ತಿರುವಿಗೂ ಬ್ರೇಕು ತುಳಿಯುತ್ತಿದ್ದವಳು, ಒಂದು ದಿನ ತುಳಿಯುವುದನ್ನೇ ಬಿಟ್ಟೆಯಲ್ಲ, ನನ್ನ ಕೈಯನ್ನು ನಂಬಿ? ಅದನ್ನು ನಾನು ಮರೆತಿಲ್ಲ.

ನಿನ್ನ ಮಗ


ಫೆಬ್ರವರಿ 9

ತಂಗಿಗೆ,

ಈ ಕಾಗದ ಓದಿ ಒಲೆಗೆ ಹಾಕು. ನಿನ್ನ ಇಸ್ತ್ರಿ ಅಂಗಡಿಯ ಬಟ್ಟೆ ಗಂಟಿನ ಮೇಲೆ ಬಿಟ್ಟು ಹೋಗಬೇಡ. ನಿನ್ನನ್ನು ನಾನು ಬಲ್ಲೆ.

ಪೊಲೀಸರು ಗಾಡಿಯನ್ನು ಬಿಟ್ಟುಕೊಟ್ಟರು. ಷೆಡ್ಡಿನಲ್ಲಿ ನಿಲ್ಲಿಸಿ, ಬಾಗಿಲು ತೆಗೆದು ನೋಡಿದೆ. ಪಕ್ಕದ ಸೀಟು ಪೂರ್ತಿ ಹಿಂದಕ್ಕೆ ಹೋಗಿದೆ. ನಿಮ್ಮ ಭಾವನವರ ಕಾಲು ಎಷ್ಟು ಉದ್ದ ಎಂದು ನಿನಗೆ ಗೊತ್ತಲ್ಲ. ಅವರು ಆ ಸೀಟನ್ನು ಹಾಗೆಯೇ ಇಟ್ಟುಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನನ್ನ ಕಾಲಿಗೆ ಎಟುಕುವಂತೆ ಮುಂದಕ್ಕೆ ಎಳೆದುಕೊಂಡವಳು ನಾನು. ಪೊಲೀಸರಲ್ಲಿ ಯಾರೋ ಉದ್ದನೆಯವನು ಕೂತಿರಬೇಕು ಎಂದುಕೊಂಡು ಮತ್ತೆ ಮುಂದಕ್ಕೆ ಎಳೆದೆ. ಷೆಡ್ಡಿಗೆ ಬೀಗ ಹಾಕಿದೆ. ಮೊನ್ನೆ ಧೂಳು ಒರೆಸಲು ಹೋದಾಗ ಸೀಟು ಮತ್ತೆ ಹಿಂದಿತ್ತು. ಮೆಕ್ಯಾನಿಕನನ್ನು ಕರೆದು ಬೈದೆ. “ಅಮ್ಮಾ, ಕೀಲಿ ನಿಮ್ಮ ಹತ್ರ ಇದೆ, ಬೈಗುಳ ನನಗಾ?” ಅಂದ. ಸೀಟು ಕೂರುವ ಹಳಿಯ ಹಲ್ಲು ಸವೆದಿರಬೇಕು, ಸೀಟು ತಾನೇ ಜಾರುತ್ತದೆ ಎಂದು ನೋಡಿದ. ಹಲ್ಲು ಗಟ್ಟಿಯಾಗಿವೆ.

ಅದಿರಲಿ. ನಿನಗೆ ಹೇಳಬೇಕಾದ್ದು ಬೇರೆ ಇದೆ.

ಆ ಪಕ್ಕದ ಬ್ರೇಕು ಕೆಲಸ ಮಾಡುವುದಿಲ್ಲ. ಎರಡು ವರ್ಷದ ಮೇಲಾಯಿತು. ಅವರು ಹೋದ ಮೇಲೆ ಆ ಗಾಡಿಯನ್ನು ಪಾಠಕ್ಕೆ ಬಳಸಿಲ್ಲ, ಮನೆಯ ಓಡಾಟಕ್ಕೆ ಮಾತ್ರ. ಮಗ ಓಡಿಸುವಾಗ ನಾನು ಪಕ್ಕದಲ್ಲಿ ಕೂತರೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಎದುರಿಗೆ ಸೈಕಲ್ಲು ಬಂದರೂ ಒತ್ತುತ್ತಿದ್ದೆ. ಗಾಡಿ ಜರ್ಕು ಹೊಡೆದು ನಿಲ್ಲುತ್ತಿತ್ತು, ಹಿಂದಿನವರು ಹಾರ್ನು ಹಾಕುತ್ತಿದ್ದರು. “ಅಮ್ಮಾ, ಇದೇನು ಹೊಲಿಗೆ ಮಿಷನ್ನಾ, ತುಳೀತಾನೇ ಇರ್ತೀಯಲ್ಲ?” ಎಂದು ಅವನು ಎಲ್ಲರ ಎದುರು ನಕ್ಕ. ನನಗೆ ತಡೆಯಲಾಗಲಿಲ್ಲ. ಹಿಂದಿನ ಸೀಟಿಗೆ ಹೋಗಿ ಕೂರಬಹುದಿತ್ತು, ಅದು ಸೋಲು. ಅವನಿಲ್ಲದಾಗ ಮೆಕ್ಯಾನಿಕನಿಗೆ ಹೇಳಿ, ಆ ಪೆಡಲಿನಿಂದ ಬ್ರೇಕಿಗೆ ಹೋಗುವ ರಾಡನ್ನು ತೆಗೆಸಿಬಿಟ್ಟೆ. ಪೆಡಲು ಹಾಗೆಯೇ ಇದೆ, ಸ್ಪ್ರಿಂಗಿನ ಮೇಲೆ ಆಡುತ್ತದೆ, ಕೆಳಗೆ ಏನೂ ಇಲ್ಲ. ರಾಡು ಷೆಡ್ಡಿನ ಬಾಗಿಲ ಹಿಂದೆ, ಅವರ ರೇನ್‌ಕೋಟಿನ ಒಳಗೆ ಅದೇ ಮೊಳೆಗೆ ನೇತಾಡುತ್ತಿದೆ. ಅಂದಿನಿಂದ ನಾನು ಎಷ್ಟು ಒತ್ತಿದರೂ ಗಾಡಿ ನಿಲ್ಲಲಿಲ್ಲ, ಮಗ ನನ್ನನ್ನು ಹೊಗಳಿದ. ನಾನೂ ಹೊಗಳಿಸಿಕೊಂಡೆ.

ಈಗ ವಕೀಲರು ಮನೆಗೆ ಬಂದಿದ್ದರು. ಮಗ ತನ್ನ ಮಾತು ಬದಲಿಸುವುದಿಲ್ಲ ಎಂದು ಅವರಿಗೆ ತಲೆಬಿಸಿ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ನೋಡಿ, ಆ ಎರಡನೇ ಬ್ರೇಕು ಅಕಸ್ಮಾತ್ ಕೆಟ್ಟಿದ್ರೆ ನಮಗೇ ಒಳ್ಳೇದು. ಆಗ ನಿಲ್ಸೋಕೆ ಅವನೊಬ್ಬನಿಂದ್ಲೇ ಆಗೋದು. ಅವನೇನೇ ಹೇಳ್ಲಿ, ನಿಲ್ಸಿದ್ದು ಅವನೇ ಅಂತ ಆಯ್ತಲ್ಲ? ಕೆಟ್ಟಿದೆಯಾ?” ಎಂದು ಕೇಳಿದರು. ವಿಚಾರಣೆಯ ದಿನ ಹೇಳುತ್ತೇನೆ ಎಂದೆ.

ಒಂದು ಮಾತಿನಿಂದ ಅವನ ಲೈಸೆನ್ಸು ಉಳಿಯುತ್ತದೆ. ಆ ಮಾತಿನಿಂದಲೇ ಅವನ ಅಪ್ಪ ಆ ಸೀಟಿನಿಂದ ಎದ್ದು ಹೋಗುತ್ತಾರೆ. ನಾನು ಅವನನ್ನು ಒಂದು ದಿನವೂ ನಂಬಿರಲಿಲ್ಲ ಎಂಬುದೂ ಬಯಲಾಗುತ್ತದೆ.

ಅವನು ಕುಡಿಯುತ್ತಿದ್ದಾನೋ ಬಿಟ್ಟಿದ್ದಾನೋ, ಸುತ್ತಿ ಬಳಸದೆ ಬರೆ.

ನಿನ್ನ ಅಕ್ಕ


ಫೆಬ್ರವರಿ 18

ಅಕ್ಕಾ,

ಒಲೆಗೆ ಹಾಕಿದೆ, ಮಹಾರಾಣಿಯವರ ಅಪ್ಪಣೆಯಂತೆ. ಮೊದಲು ನಗು ಬಂತು. ಹೆದರಿಕೆ ಒಪ್ಪಿಕೊಳ್ಳುವುದಕ್ಕಿಂತ ಗಾಡಿಯ ರಾಡು ಬಿಚ್ಚಿಸುವುದು ಸುಲಭ ಅನ್ನಿಸಿದವಳು ಈ ಭೂಮಿಯ ಮೇಲೆ ನೀನೊಬ್ಬಳೇ. ನಗು ಮುಗಿದ ಮೇಲೆ ಬಹಳ ಹೊತ್ತು ಕೆಲಸ ಮಾಡಲಾಗಲಿಲ್ಲ.

ಹುಡುಗ ಅಂಗಡಿಯಲ್ಲಿ ಚೆನ್ನಾಗಿ ಇಸ್ತ್ರಿ ಮಾಡುತ್ತಾನೆ. ಕಾಲರು ನನಗಿಂತ ಚೆನ್ನಾಗಿ ಕೂರಿಸುತ್ತಾನೆ. ಬಾಯಿ ವಾಸನೆ ಬರುವುದಿಲ್ಲ. ಪುದೀನ ಮಿಠಾಯಿಯ ವಾಸನೆ ಮಾತ್ರ ಬರುತ್ತದೆ, ಯಾವಾಗಲೂ. ಅದನ್ನು ಏನೆಂದು ತಿಳಿಯಬೇಕೋ ನನಗೆ ತಿಳಿಯದು. ನೀನು ಸುತ್ತಿ ಬಳಸಬೇಡ ಅಂದಿದ್ದಕ್ಕೆ ಬರೆದೆ.

ಇನ್ನೊಂದು. ಬೆಂಚಿನ ಮೇಲೆ ಕೂತರೆ ಪಕ್ಕದಲ್ಲಿ ಜಾಗ ಬಿಟ್ಟು ಕೂರುತ್ತಾನೆ. “ಸರಿಯೋ, ನಾನೂ ಕೂರ್ತೀನಿ” ಅಂದೆ. ಸರಿದ, ಆದರೆ ಇನ್ನೊಂದು ಕಡೆಗೆ, ಆ ಜಾಗ ಹಾಗೆಯೇ ಖಾಲಿ ಉಳಿಯುವಂತೆ. ಊಟದ ಹೊತ್ತಿನಲ್ಲಿ ಒಮ್ಮೆ ಕೇಳಿದ, “ಚಿಕ್ಕಮ್ಮಾ, ಅಪ್ಪ ಹೋದಾಗ ಗಾಡಿ ಕಲೀತಿದ್ದವಳು ಏನಂದ್ಲು, ಇನ್ನೊಂದ್ಸಲ ಹೇಳು.” ನಾನು ಹೇಳಿದೆ. ಅವಳು ಗೆರೆಯೊಳಗೆ ನೀಟಾಗಿ ಗಾಡಿ ನಿಲ್ಲಿಸಿ, “ಸರಿಯಾಯ್ತಾ ಮೇಷ್ಟ್ರೇ? ಸರಿಯಾಯ್ತಾ?” ಎಂದು ಕೇಳುತ್ತಲೇ ಇದ್ದಳಂತೆ, ಭಾವ ಪಕ್ಕದ ಸೀಟಿನಲ್ಲೇ ಹೋಗಿಬಿಟ್ಟದ್ದು ತಿಳಿಯದೆ, ಉತ್ತರ ಕೊಡುತ್ತಾರೆ ಎಂದು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ನಾನು ಆಮೇಲೆ ಒಂದ್ಸಲಾನೂ ಕೇಳ್ಲೇ ಇಲ್ಲ, ಸರಿಯಾಯ್ತಾ ಅಂತ” ಅಂದ.

ಅಕ್ಕಾ, ಇದ್ದದ್ದನ್ನು ಹೇಳಿಬಿಡು. ನೀನು ಹೇಳದೆ ಅವನ ಲೈಸೆನ್ಸು ಹೋದರೆ, ಅದನ್ನು ಕಿತ್ತುಕೊಂಡದ್ದು ನೀನೇ ಆಗುತ್ತದೆ.

ಬೈದರೂ ನಿನ್ನವಳೇ,
ತಂಗಿ


ಮಾರ್ಚ್ 4

ಮಗನಿಗೆ,

ವಿಚಾರಣೆ ಗುರುವಾರ. ನೀನು ಅಲ್ಲಿಂದ ನೇರವಾಗಿ ಕಚೇರಿಗೆ ಬಾ, ನಾನು ಇಲ್ಲಿಂದ ಬರುತ್ತೇನೆ. ನೀಲಿ ಅಂಗಿ ಹಾಕಿಕೋ. ಕೈಯನ್ನು ಮೇಜಿನ ಕೆಳಗೆ ಇಟ್ಟುಕೋ, ನಡುಗಿದರೆ ಕಾಣುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರಿಸು. ನಿಮ್ಮಪ್ಪನ ಮಾತು ಬಂದರೆ ಅಳಬೇಡ. ಅಧಿಕಾರಿಗಳು ಕಣ್ಣೀರನ್ನು ದಿನವೂ ನೋಡಿರುತ್ತಾರೆ.

ಬರುವ ದಿನ ಮಿಠಾಯಿ ತಿನ್ನಬೇಡ.

ಅಮ್ಮ


ಮಾರ್ಚ್ 15

ತಂಗಿಗೆ,

ಮುಗಿಯಿತು. ಅವನು ನಿನ್ನ ಹತ್ತಿರ ಏನೂ ಹೇಳಿರುವುದಿಲ್ಲ. ನಾನೇ ಹೇಳುತ್ತೇನೆ.

ವಿಚಾರಣೆ ಎಂದರೆ ದೊಡ್ಡ ಸಭೆ ಇರುತ್ತದೆ ಎಂದುಕೊಂಡಿದ್ದೆ. ಇಕ್ಕಟ್ಟಾದ ಕೋಣೆ, ಒಂದು ಮೇಜು, ಗೋಡೆಗೆ ರಸ್ತೆ ಚಿಹ್ನೆಗಳ ಪಟ. ಅಧಿಕಾರಿ ಮಗನಿಗಿಂತ ಚಿಕ್ಕವನು, ಶೀತವಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಇದ್ದ. ಊದುವ ಯಂತ್ರದಲ್ಲಿ ಬಂದ ಅಂಕಿಯನ್ನು ಓದಿ, “ಇದಕ್ಕೇನಾದ್ರೂ ತಕರಾರಿದೆಯಾ?” ಅಂದ. ಮಗ ಇಲ್ಲ ಎಂದ. ವಕೀಲರು ಎದ್ದು, ಜನರನ್ನು ಕಂಡು ಗಾಡಿ ನಿಲ್ಲಿಸಿದ್ದಾನೆ, ಯಾರಿಗೂ ತಗುಲಿಲ್ಲ, ಮೊದಲ ತಪ್ಪು, ಎಚ್ಚರಿಕೆ ಸಾಕು ಎಂದು ಚೆನ್ನಾಗಿಯೇ ಹೇಳಿದರು. ಅಧಿಕಾರಿ ಮಗನ ಕಡೆ ತಿರುಗಿ, “ನಿಲ್ಲಿಸಿದ್ದು ನೀವೇನಾ?” ಎಂದು ಕೇಳಿದ.

“ನನ್ನ ಕಾಲು ಬ್ರೇಕಿನ ಮೇಲಿರಲಿಲ್ಲ ಸಾರ್.”

“ಪಕ್ಕದಲ್ಲಿ ಯಾರಾದ್ರೂ ಇದ್ರಾ? ಇಳಿದು ಓಡಿ ಹೋದ್ರಾ?”

“ಯಾರೂ ಓಡಿ ಹೋಗ್ಲಿಲ್ಲ.”

ಅಧಿಕಾರಿ ಕಾಗದ ತಿರುವಿದ. “ಇದು ಕಲಿಸೋ ಗಾಡಿ. ಎರಡನೇ ಪೆಡಲು ಇದೆ ಅಂತ ಬರೆದಿದ್ದಾರೆ, ಕೆಲಸ ಮಾಡುತ್ತಾ ಇಲ್ವಾ ಬರೆದಿಲ್ಲ. ಗಾಡಿ ನಿಮ್ಮದಲ್ವಾ ತಾಯಿ? ಆ ಬ್ರೇಕು ಕೆಲಸ ಮಾಡುತ್ತಾ?”

ವಕೀಲರು ನನ್ನನ್ನು ನೋಡಿದರು. ಮಗ ನೋಡಲಿಲ್ಲ. ಅವನು ತನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತಿದ್ದ. ಬರುವ ಮುಂಚೆ ನಾನು ಅವನಿಗೆ ಮಿಠಾಯಿ ತಿನ್ನಬೇಡ ಎಂದು ಬರೆದಿದ್ದೆ. ಆ ಕೋಣೆ ಚಿಕ್ಕದು. ಪುದೀನದ ವಾಸನೆ ಇಡೀ ಕೋಣೆ ತುಂಬಿತ್ತು. ಶೀತವಾದ ಅಧಿಕಾರಿಗೆ ಅದು ತಿಳಿಯಲಿಲ್ಲ.

“ಮಾಡುತ್ತದೆ” ಎಂದೆ.

“ಸರಿಯಾಗಿ?”

“ಸರಿಯಾಗಿ. ನಮ್ಮ ಸ್ಕೂಲಿನ ಗಾಡಿಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ.”

ಅದನ್ನು ಬರೆದುಕೊಂಡು ನನ್ನ ಸಹಿ ತೆಗೆದುಕೊಂಡರು. ಹಾಗಾದರೆ ಆರೋಪಿಯೇ ನಿಲ್ಲಿಸಿದ ಎನ್ನಲು ಆಧಾರವಿಲ್ಲ ಎಂದು ಅಧಿಕಾರಿ ಹೇಳಿದ. ಆರು ತಿಂಗಳು ಅಮಾನತು. ವಕೀಲರು ನನ್ನನ್ನು ಬಿಟ್ಟು ಮೆಟ್ಟಿಲಿಳಿದು ಹೋದರು. ಮಗ ಮಾತ್ರ ನಾನು ಹತ್ತುವ ಬಸ್ಸಿನ ಬಾಗಿಲ ತನಕ ಬಂದು, ನನ್ನ ಚೀಲ ಮೇಲಕ್ಕೆ ಕೊಟ್ಟು ಹೋದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಅಷ್ಟು ಹೊತ್ತಿಗೆ ಯಾರೋ ಎರಡು ಸಲ ತಟ್ಟಿದ ಸದ್ದು. ಬೆಚ್ಚಿಬಿದ್ದು ನೋಡಿದೆ. ಎದುರಿನ ಸೀಟಿನ ಕಂಬಿಯ ಮೇಲಿದ್ದದ್ದು ನನ್ನದೇ ಬೆರಳು.

ಅವನ ಅನ್ನ ಕಿತ್ತುಕೊಂಡೆ ಎಂದು ನೀನು ಬರೆಯುವ ಮೊದಲು ನಾನೇ ಬರೆದಿದ್ದೇನೆ. ಇನ್ನು ಆ ಮಾತು ಬೇಡ.

ಅಕ್ಕ


ಜೂನ್ 20

ಮಗನಿಗೆ,

ಮೂರು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ನೀನು ಚಿಕ್ಕಮ್ಮನ ಮನೆಯಿಂದ ಆಸ್ಪತ್ರೆಯ ಬೀದಿಗೆ ನಡೆದು ಹೋಗಿ ಬರುತ್ತೀಯ, ಅಲ್ಲಿ ಕುಡಿತ ಬಿಟ್ಟವರ ಗುಂಪಿನಲ್ಲಿ ಕೂರುತ್ತೀಯ ಎಂದು ಅವಳು ಬರೆದಳು. ನಡೆಯಲಿ. ಬೂಟು ಸವೆದಿದ್ದರೆ ಹೇಳು.

ಹೊಸ ಮೇಷ್ಟ್ರು ಇಲ್ಲಿ ಗೇಟಿನ ಕಂಬಕ್ಕೆ ಗಾಡಿ ಉಜ್ಜಿದ. ನಿಮ್ಮಪ್ಪ ಇದ್ದಿದ್ದರೆ ಬೈಯುತ್ತಿರಲಿಲ್ಲ, ಸುಮ್ಮನೆ ಕಂಬವನ್ನು ಸವರಿ ಒಳಗೆ ಹೋಗುತ್ತಿದ್ದರು. ನಾನು ಬೈದೆ.

ನೀನು ಬರೆಯುವವರೆಗೆ ನಾನೂ ಬರೆಯುವುದಿಲ್ಲ.

ಅಮ್ಮ


ಸೆಪ್ಟೆಂಬರ್ 8

ಅಮ್ಮಾ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತಿತ್ತು. ಈಗ ಬರೆಯುತ್ತೇನೆ.

ಆ ರಾಡು ಇಲ್ಲ ಎಂದು ನನಗೆ ಗೊತ್ತಿತ್ತು.

ನೀನು ತೆಗೆಸಿದ ವಾರದಲ್ಲೇ ಗೊತ್ತಾಯಿತು. ತಾನು ಓಡಿಸುವ ಗಾಡಿಯ ಕೆಳಗೆ ಒಮ್ಮೆಯೂ ಬಗ್ಗಿ ನೋಡದ ಮೇಷ್ಟ್ರು ಎಂಥ ಮೇಷ್ಟ್ರು? ಅಪ್ಪನ ರೇನ್‌ಕೋಟು ಗಾಳಿಗೆ ಅಲುಗಾಡದೆ ನೆಟ್ಟಗೆ ನೇತಾಡುತ್ತಿತ್ತು, ಒಳಗೆ ಕೈ ಹಾಕಿ ನೋಡಿದೆ. ನಗು ಬಂತು. ನಿನಗೆ ಹೇಳಲಿಲ್ಲ. ಆಮೇಲೆ ನೀನು ಪಕ್ಕದಲ್ಲಿ ಕೂತು, ಮುಖ ಗಟ್ಟಿ ಮಾಡಿಕೊಂಡು, ಕೆಳಗೆ ಖಾಲಿ ಪೆಡಲನ್ನು ಒತ್ತುತ್ತಲೇ ಇರುತ್ತಿದ್ದೆ. ಸ್ಪ್ರಿಂಗು ಕಿರುಗುಟ್ಟುವುದು ನನಗೆ ಕೇಳಿಸುತ್ತಿತ್ತು. ‘ಈಗ ನಂಬಿದೆಯಲ್ಲ’ ಎಂದು ಹೊಗಳುತ್ತಿದ್ದೆ. ನೀನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅದಕ್ಕೇ ವಿಚಾರಣೆಗೆ ನೀನು ಬಾ ಎಂದದ್ದು. ಇದ್ದದ್ದು ಇದ್ದ ಹಾಗೆ ಹೇಳು ಎಂದದ್ದೂ ಅದಕ್ಕೇ. ನಾನೇ ಹೇಳಿದ್ದರೆ, ನನ್ನ ಅಮ್ಮ ನನ್ನನ್ನು ನಂಬಿರಲಿಲ್ಲ ಎಂದು ಹೊರಗಿನವರ ಮುಂದೆ ಹೇಳಿದ ಹಾಗಾಗುತ್ತಿತ್ತು. ನೀನು ಹೇಳಿದರೆ ನಾನು ಸುಳ್ಳು ಹೇಳದೆಯೂ ಗೆಲ್ಲುತ್ತಿದ್ದೆ. ಅಧಿಕಾರಿ ಆ ಪ್ರಶ್ನೆ ಕೇಳಿದಾಗ ಗೆದ್ದೆ ಎಂದುಕೊಂಡೆ. ಪ್ಯಾಂಟಿನ ಜೇಬಿನಲ್ಲಿ ಚಿಕ್ಕ ಬಾಟಲಿ ಇತ್ತು, ಹೊರಗೆ ಬಂದ ಮೇಲೆ ಕುಡಿಯಲು. ಅರ್ಧ ಆಗಲೇ ಮುಗಿದಿತ್ತು.

ನೀನು ‘ಮಾಡುತ್ತದೆ’ ಅಂದೆ.

ಹುಟ್ಟಿದಾಗಿನಿಂದ ನಿನ್ನ ಬಾಯಲ್ಲಿ ಸುಳ್ಳು ಕೇಳಿರಲಿಲ್ಲ. ಕೇಳಿದ ಮೊದಲನೆಯದು ನನ್ನ ವಿರುದ್ಧವೇ. ನನಗೆ ಆಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇವಳಿಗೆ ಎಷ್ಟು ಹೆದರಿಕೆಯಾಗಿರಬೇಕು ಎಂದಷ್ಟೇ ಅನ್ನಿಸಿತು. ಎದ್ದು ನಿಂತು ‘ಸಾರ್, ಅಮ್ಮ ಹೇಳೋದು ನಿಜವಲ್ಲ, ಕೆಳಗೆ ರಾಡೇ ಇಲ್ಲ’ ಎನ್ನಬಹುದಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಸುಮ್ಮನೆ ಕೂತೆ. ನಿನ್ನನ್ನು ಬಸ್ಸು ಹತ್ತಿಸಿದ ಮೇಲೆ ಬಾಟಲಿಯನ್ನು ನಿಲ್ದಾಣದ ಚರಂಡಿಗೆ ಸುರಿದೆ. ಆಮೇಲೆ ಕುಡಿದಿಲ್ಲ. ಕುಡಿಯುವುದೇ ಇಲ್ಲ ಎಂದು ಬರೆಯುವುದಿಲ್ಲ. ಗುಂಪಿನಲ್ಲಿ ಹಾಗೆ ಹೇಳಬಾರದು ಎಂದು ಕಲಿಸಿದ್ದಾರೆ. ಇವತ್ತು ಕುಡಿದಿಲ್ಲ.

ಒಂದು ಮಾತ್ರ ಈಗಲೂ ಬಿಡುತ್ತಿಲ್ಲ. ಪಕ್ಕದ ಪೆಡಲಿನ ಕೆಳಗೆ ಏನೂ ಇರಲಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು. ನನ್ನ ಕಾಲು ಆಕ್ಸಿಲರೇಟರಿನ ಮೇಲಿತ್ತು. ಆ ಹೆಂಗಸಿನ ಅಂಗೈ ಬಾನೆಟ್ಟಿನ ಮೇಲಿತ್ತು. ಅಮ್ಮ, ಒತ್ತಿದ್ದು ಯಾರು?

ಅಮಾನತು ಮುಗಿಯುತ್ತಿದೆ. ಲೈಸೆನ್ಸು ವಾಪಸು ತೆಗೆದುಕೊಳ್ಳಲೋ ಬೇಡವೋ, ನೀನು ಹೇಳು.

ನಿನ್ನ ಮಗ


ಸೆಪ್ಟೆಂಬರ್ 13

ಮಗನಿಗೆ,

ಕಾಗದ ಓದಿದೆ. ಎರಡನೆಯ ಸಲ ಓದುವಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು, ಗಾಜು ಹಳೆಯದಾಗಿದೆ.

ಗೊತ್ತಿದ್ದೂ ಹೊಗಳುತ್ತಿದ್ದೆಯಾ? ನಿಮ್ಮಪ್ಪನ ಮಗ ಎನ್ನುವುದರಲ್ಲಿ ಸಂಶಯವಿಲ್ಲ.

ಲೈಸೆನ್ಸು ವಾಪಸು ತೆಗೆದುಕೋ. ಬಾ. ಮೆಕ್ಯಾನಿಕನನ್ನು ಕರೆಸಿ ರಾಡು ಹಾಕಿಸಿದ್ದೇನೆ. ನಾನೇ ಕೂತು, ಒತ್ತಿ ನೋಡಿದೆ. ಗಟ್ಟಿಯಾಗಿ ಹಿಡಿಯುತ್ತದೆ. ನಾನು ಸಹಿ ಹಾಕಿದ್ದು ಈಗ ನಿಜವಾಗಿದೆ.

ಮೊದಲ ಕೆಲವು ದಿನ ಕಲಿಯುವವರನ್ನು ನಿನ್ನ ಕೈಗೆ ಕೊಡುವುದಿಲ್ಲ. ಸಂಜೆ ಹೊತ್ತು ನೀನು ಗಾಡಿ ಓಡಿಸಬೇಕು, ನಾನು ಪಕ್ಕದಲ್ಲಿ ಕೂರುತ್ತೇನೆ. ಹೆದರಿಕೆಯಾದರೆ ಒತ್ತುತ್ತೇನೆ. ಗಾಡಿ ಜರ್ಕು ಹೊಡೆಯುತ್ತದೆ, ಹಿಂದಿನವರು ಹಾರ್ನು ಹಾಕುತ್ತಾರೆ, ನೀನು ಬಾಯಿ ಮುಚ್ಚಿಕೊಂಡಿರಬೇಕು. ಒತ್ತುವ ಮೊದಲು ತಟ್ಟುತ್ತೇನೆ. ಗಿರಣಿಯ ಗೇಟಿನ ಮುಂದೆಯೇ ಹೋಗೋಣ, ಪಾಳಿ ಬಿಡುವ ಹೊತ್ತಿಗೆ.

ಒತ್ತಿದ್ದು ಯಾರು ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ. ಇವತ್ತು ಬೆಳಗ್ಗೆ ಷೆಡ್ಡಿನ ಬೀಗ ತೆಗೆದಾಗ ಸೀಟು ಮತ್ತೆ ಪೂರ್ತಿ ಹಿಂದಿತ್ತು. ಈ ಸಲ ಮೆಕ್ಯಾನಿಕನನ್ನು ಬೈಯಲಿಲ್ಲ. ಸೀಟನ್ನು ನನ್ನ ಕಾಲಿಗೆ ಎಟುಕುವಂತೆ ಮುಂದಕ್ಕೆ ಎಳೆದುಕೊಂಡಿದ್ದೇನೆ. ಅವರು ಹಿಂದಿನ ಸೀಟಿನಲ್ಲಿ ಕೂರಲಿ.

ಕಾಯುತ್ತಿರುವ,
ನಿನ್ನ ಅಮ್ಮ